ಸಣ್ಣ ಅನುದಾನಕ್ಕೆ ಅರ್ಜಿ: ಮೊದಲು ಹಾಜರಿ ಪುಸ್ತಕ ತೆರೆಯಿರಿ

ಕಾಲೇಜಿನಲ್ಲಿ ವೈವಿಧ್ಯಕ್ಕೆ ಸಂಬಂಧಿಸಿದ ಯೋಜನೆ ಎಂದ ಕೂಡಲೇ ಬಹಳ ಮಂದಿಯ ಕಣ್ಣಮುಂದೆ ಬರುವುದು ಒಂದು ದಿನದ ಕಾರ್ಯಕ್ರಮ. ಶಾಮಿಯಾನ, ಬೇರೆ ಬೇರೆ ರಾಜ್ಯಗಳ ಉಡುಗೆ, ಒಂದೆರಡು ಜನಪದ ನೃತ್ಯ, ಅತಿಥಿಗಳ ಭಾಷಣ, ಹಾರ ತುರಾಯಿ, ಊಟ. ಮಂಜೂರಾದ ಇಪ್ಪತ್ತೈದು ಸಾವಿರವೋ ಐವತ್ತು ಸಾವಿರವೋ ಸಂಜೆಯೊಳಗೆ ಮುಗಿದಿರುತ್ತದೆ. ಮರುದಿನದ ತರಗತಿಯಲ್ಲಿ ಖಾಲಿ ಇದ್ದ ಬೆಂಚು ಖಾಲಿಯೇ ಇರುತ್ತದೆ. ಸ್ಕಂದಗಿರಿಯ ಸುತ್ತಲಿನ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಪದವಿ ಕಾಲೇಜುಗಳಿಗೆ ವೈವಿಧ್ಯವನ್ನು ಹೊರಗಿನಿಂದ ತಂದು ವೇದಿಕೆಯ ಮೇಲೆ ತೋರಿಸಬೇಕಾದ ಅಗತ್ಯವೇ ಇಲ್ಲ. 2011ರ ಜನಗಣತಿಯ ಪ್ರಕಾರ ಚಿಕ್ಕಬಳ್ಳಾಪುರ ಜಿಲ್ಲೆಯ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರು ಸುಮಾರು ಶೇ 25, ಪರಿಶಿಷ್ಟ ಪಂಗಡದವರು ಶೇ 12ಕ್ಕಿಂತ ಹೆಚ್ಚು. ಅಂದರೆ ಎರಡೂ ಸೇರಿ ಪ್ರತಿ ಎಂಟು ಮಂದಿಯಲ್ಲಿ ಮೂವರು. ಮನೆಯಲ್ಲಿ ತೆಲುಗು, ಪಟ್ಟಣದ ಹಲವು ಬೀದಿಗಳಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಪದವಿ ಪುಸ್ತಕದಲ್ಲಿ ಇಂಗ್ಲಿಷ್ ಎಂಬುದು ಇಲ್ಲಿ ದಿನನಿತ್ಯದ ಸಂಗತಿ. ಇಂಥ ಕಡೆ ಸಣ್ಣ ಅನುದಾನ ಸಾರ್ಥಕವಾಗುವುದು, ಯಾರೋ ಕೆಲವರ ಓದನ್ನು ಅರ್ಧಕ್ಕೇ ನಿಲ್ಲಿಸುತ್ತಿರುವ ಒಂದು ನಿರ್ದಿಷ್ಟ ತಡೆಯನ್ನು ಹೆಸರಿಟ್ಟು ಹೇಳಿ, ಅದನ್ನು ತೆಗೆಯಲು ಹಣ ಕೇಳಿದಾಗ. ಅರ್ಜಿ ಗೆಲ್ಲುವ ದಾರಿಯೂ ಅದೇ ಎಂಬುದು ನನ್ನ ವಾದ.

ಮೊದಲು ಹಣ ಎಲ್ಲಿದೆ ಎಂದು ನೋಡೋಣ. ವೈವಿಧ್ಯ ಅನುದಾನ ಎಂಬ ಹೆಸರನ್ನೇ ಹುಡುಕುತ್ತಾ ಹೋದವರು ಬರಿಗೈಯಲ್ಲಿ ವಾಪಸಾಗುತ್ತಾರೆ. ನಮ್ಮಲ್ಲಿ ಆ ಹಣ ನಾಲ್ಕಾರು ಬೇರೆ ಹೆಸರುಗಳ ಅಡಿಯಲ್ಲಿ ಹಂಚಿಹೋಗಿದೆ. ರಾಷ್ಟ್ರೀಯ ಸೇವಾ ಯೋಜನೆ 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದದ್ದು; ಎನ್‌ಎಸ್‌ಎಸ್ ಘಟಕವಿರುವ ಕಾಲೇಜಿಗೆ ಬರುವ ವಾರ್ಷಿಕ ಹಣಕ್ಕೆ ಪ್ರತ್ಯೇಕ ಪ್ರಸ್ತಾವನೆ ಬೇಕಿಲ್ಲ, ಘಟಕದ ಕ್ರಿಯಾಯೋಜನೆಯಲ್ಲಿ ನಿಮ್ಮ ಕೆಲಸವನ್ನು ಸೇರಿಸುವಂತೆ ಕಾರ್ಯಕ್ರಮಾಧಿಕಾರಿಯನ್ನು ಒಪ್ಪಿಸಬೇಕು. ಎಐಸಿಟಿಇ ಮಾನ್ಯತೆಯ ಸಂಸ್ಥೆಗಳ ವಿದ್ಯಾರ್ಥಿ ಸಂಘಗಳಿಗೆ ಸ್ಪೈಸಸ್ ಎಂಬ ಯೋಜನೆಯಿದೆ, ಮಿತಿ 1 ಲಕ್ಷ ರೂಪಾಯಿ. ಇದು ಎಂಜಿನಿಯರಿಂಗ್ ಕಾಲೇಜಿನವರಿಗೆ ಮಾತ್ರ ಎಂದು ಕೈಬಿಡಬೇಡಿ. 2024-25ರಿಂದ ಬಿಸಿಎ, ಬಿಬಿಎ ಕೋರ್ಸುಗಳೂ ಎಐಸಿಟಿಇ ವ್ಯಾಪ್ತಿಗೆ ಬಂದಿರುವುದರಿಂದ, ಆ ಮಾನ್ಯತೆ ಪಡೆದ ಪದವಿ ಕಾಲೇಜುಗಳು ಅರ್ಹತೆಯ ಷರತ್ತುಗಳನ್ನು ಒಮ್ಮೆ ಓದಿ ನೋಡಬೇಕು. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮ ನಾಲ್ಕು ದಶಕಗಳಿಗೂ ಹೆಚ್ಚು ಕಾಲದಿಂದ ನಡೆದುಬಂದಿದೆ. ಸಿಗುವುದು ಕೆಲವೇ ಸಾವಿರ, ಆದರೆ ಅಂಗವಿಕಲ ಸಹಪಾಠಿಗೆ ಬೇಕಾದ ಸಾಧನವೊಂದನ್ನು ಅಂತಿಮ ವರ್ಷದ ಪ್ರಾಜೆಕ್ಟಾಗಿ ಮಾಡಲು ಅಷ್ಟು ಸಾಕಾಗಬಹುದು. ಸುತ್ತಲ ಐದು ಹಳ್ಳಿಗಳನ್ನು ದತ್ತು ತೆಗೆದುಕೊಳ್ಳುವ ಉನ್ನತ ಭಾರತ ಅಭಿಯಾನದಲ್ಲಿ ನಿಮ್ಮ ಕಾಲೇಜು ನೋಂದಾಯಿಸಿದ್ದರೆ, ಆ ಹಳ್ಳಿಗಳಿಂದ ಕಾಲೇಜಿಗೆ ಬಾರದವರ ಬಗ್ಗೆ ಕೆಲಸ ಮಾಡಲು ಅದೂ ಒಂದು ದಾರಿ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಶಾಸಕರ ಅಧ್ಯಕ್ಷತೆಯ ಕಾಲೇಜು ಅಭಿವೃದ್ಧಿ ಸಮಿತಿ ಇದೆ. ಹದಿನೈದು ಇಪ್ಪತ್ತು ಸಾವಿರದ ಕೆಲಸಕ್ಕೆ ಬೆಂಗಳೂರು ದೆಹಲಿಗಳತ್ತ ನೋಡುವ ಮುನ್ನ ಆ ಸಮಿತಿಯ ಮುಂದೆ ಒಂದು ಪುಟ ಇಡುವುದು ಜಾಣತನ.

ಎರಡು ಎಚ್ಚರಿಕೆಗಳನ್ನು ಇಲ್ಲೇ ಹೇಳಿಬಿಡಬೇಕು. ಯುಜಿಸಿ ಮೂಲಕ ಬರುವ ಹಣಕ್ಕೆ ಕಾಲೇಜು ಯುಜಿಸಿ ಕಾಯ್ದೆಯ 2(ಎಫ್) ಮತ್ತು 12(ಬಿ) ಪಟ್ಟಿಯಲ್ಲಿರಬೇಕು. ಮೊದಲನೆಯದರಲ್ಲಿ ಇದ್ದು ಎರಡನೆಯದರಲ್ಲಿ ಇಲ್ಲದ ಕಾಲೇಜುಗಳೂ ಇರುತ್ತವೆ. ವಾರಗಟ್ಟಲೆ ಅರ್ಜಿ ಬರೆದ ಮೇಲೆ ಇದು ಗೊತ್ತಾಗುವುದಕ್ಕಿಂತ ಮೊದಲ ದಿನವೇ ಕಚೇರಿಯಲ್ಲಿ ಕೇಳಿ ತಿಳಿಯುವುದು ಮೇಲು. ಇನ್ನೊಂದು, ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಗಿರಿಜನ ಉಪಯೋಜನೆಯ ಹಣ. ಕರ್ನಾಟಕ 2013ರಲ್ಲಿ ಇದಕ್ಕೆಂದೇ ಕಾಯ್ದೆ ಮಾಡಿತು. ವಿಶ್ವವಿದ್ಯಾಲಯದ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಕೋಶದ ಮೂಲಕ ಬರುವ ಇಂಥ ಹಣ ಆ ವಿದ್ಯಾರ್ಥಿಗಳಿಗೇ ತಲುಪಬೇಕು. ಇಡೀ ಕಾಲೇಜಿಗೆ ಅನ್ವಯಿಸುವ ಕಾರ್ಯಕ್ರಮವನ್ನು ಆ ಲೆಕ್ಕಕ್ಕೆ ಹಾಕುವುದು ನಿಯಮಕ್ಕೂ ವಿರುದ್ಧ, ನ್ಯಾಯಕ್ಕೂ ವಿರುದ್ಧ. ಎಲ್ಲರನ್ನೂ ಒಳಗೊಳ್ಳುವ ಯೋಜನೆಯಾದರೆ ಬೇರೆ ಹಣ ಹುಡುಕಿ.

ಇನ್ನು ತಡೆಯನ್ನು ಗುರುತಿಸುವ ಕೆಲಸ. ಇದಕ್ಕೆ ಹೊಸ ಸಮೀಕ್ಷೆ, ಪ್ರಶ್ನಾವಳಿ ಏನೂ ಬೇಡ. ಪ್ರತಿ ಕಾಲೇಜೂ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಗೆ ವರ್ಷಕ್ಕೊಮ್ಮೆ ಮಾಹಿತಿ ತುಂಬುತ್ತದೆ. ಕಾಲೇಜುಗಳ ನಮೂನೆಯ ಹೆಸರು ಡಿಸಿಎಫ್-2. ಯಾವ ಕೋರ್ಸಿನ ಯಾವ ವರ್ಷದಲ್ಲಿ ಎಷ್ಟು ವಿದ್ಯಾರ್ಥಿಗಳು, ಅವರಲ್ಲಿ ಹೆಣ್ಣುಮಕ್ಕಳು ಎಷ್ಟು, ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರು, ಅಂಗವಿಕಲರು ಎಷ್ಟು ಎಂಬುದೆಲ್ಲ ಅದರಲ್ಲಿದೆ. ಸಮೀಕ್ಷೆಯ ನೋಡಲ್ ಅಧಿಕಾರಿಯಾಗಿರುವ ಅಧ್ಯಾಪಕರ ಬಳಿ ಹಿಂದಿನ ಮೂರು ವರ್ಷಗಳ ಪ್ರತಿ ಇರುತ್ತದೆ. 2022-23ರ ಮೊದಲ ವರ್ಷದ ಬಿ.ಕಾಂ. ಸಾಲನ್ನೂ 2024-25ರ ಮೂರನೇ ವರ್ಷದ ಸಾಲನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದೇ ವರ್ಷದ ಮೊದಲ ಮತ್ತು ಮೂರನೇ ವರ್ಷಗಳನ್ನು ಹೋಲಿಸಿದರೆ ಬೇರೆ ಬೇರೆ ತಂಡಗಳನ್ನು ಹೋಲಿಸಿದಂತಾಗುತ್ತದೆ, ಅದು ಲೆಕ್ಕಕ್ಕೆ ಬಾರದು. ಯಾವ ಗುಂಪಿನ ಸಂಖ್ಯೆ ಉಳಿದವರಿಗಿಂತ ಹೆಚ್ಚು ಕುಗ್ಗಿದೆಯೋ ಅಲ್ಲಿ ಏನೋ ಅಡ್ಡ ಬಂದಿದೆ. ಆದರೆ ಆ ಅಡ್ಡಿ ಏನು ಎಂದು ನಮೂನೆ ಹೇಳುವುದಿಲ್ಲ. ಅದನ್ನು ಹೇಳುವುದು ಹಾಜರಿ ಪುಸ್ತಕ.

ಶಿಡ್ಲಘಟ್ಟದ ಕಡೆಯ ಒಂದು ಕಾಲೇಜನ್ನು ಊಹಿಸಿಕೊಂಡು ಇದನ್ನು ಸ್ವಲ್ಪ ವಿವರವಾಗಿ ನೋಡೋಣ. ರಾಮನಗರ ಬಿಟ್ಟರೆ ರಾಜ್ಯದ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆ ಇರುವ ಊರು ಅದು. ಸುತ್ತಲ ಹಳ್ಳಿಗಳಲ್ಲಿ ಹಿಪ್ಪುನೇರಳೆ ತೋಟ, ಮನೆಯಲ್ಲಿ ಹುಳು. ಹುಳು ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಎದ್ದ ಮೇಲೆ ಏಳೆಂಟು ದಿನ ಹಗಲು ರಾತ್ರಿ ತಿನ್ನುತ್ತದೆ. ಒಂದು ಬೆಳೆಗೆ ಬೇಕಾದ ಸೊಪ್ಪಿನ ಐದರಲ್ಲಿ ನಾಲ್ಕು ಪಾಲು ಈ ದಿನಗಳಲ್ಲೇ ಖರ್ಚಾಗುತ್ತದೆ. ಅದು ಮುಗಿಯುವಷ್ಟರಲ್ಲಿ ಹುಳು ಹಣ್ಣಾಗುತ್ತದೆ. ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡುವ ಕೆಲಸವನ್ನು ನಾಳೆಗೆ ಎಂದು ತಳ್ಳುವಂತಿಲ್ಲ. ತಡವಾದರೆ ನೂಲು ಅಲ್ಲಲ್ಲೇ ಸೋರಿ ಗೂಡು ಕೆಡುತ್ತದೆ, ತಿಂಗಳ ದುಡಿಮೆ ಹೋಗುತ್ತದೆ. ಆ ದಿನಗಳಲ್ಲಿ ಮನೆಯ ಪ್ರತಿ ಕೈಯೂ ಬೇಕು. ಕಾಲೇಜಿಗೆ ಹೋಗುವ ಮಗಳ ಕೈಯಂತೂ ಬೇಕೇ ಬೇಕು. ಹಾಜರಿ ಪುಸ್ತಕದಲ್ಲಿ ಒಂದು ಸೆಮಿಸ್ಟರಿನ ಗೈರುಗಳನ್ನು ತಾರೀಖಿನ ಪ್ರಕಾರ ಗುರುತು ಮಾಡಿದರೆ, ಚದುರಿದ ಗೈರು ಒಂದು ಬಗೆಯದು, ವಾರವಿಡೀ ಒಟ್ಟಿಗೆ ಬಿದ್ದ ಗೈರು ಇನ್ನೊಂದು ಬಗೆಯದು ಎಂದು ಕಾಣುತ್ತದೆ. ಎರಡನೆಯದು ಬೆಳೆಯ ದಿನಗಳಿಗೆ ಹೊಂದಿಕೆಯಾದರೆ ತಡೆ ಗೊತ್ತಾಯಿತು. ಅದು ಯಾವ ಮೀಸಲಾತಿ ಕಲಮಿನಲ್ಲೂ ಬರುವುದಿಲ್ಲ. ಆ ವಾರ ತಪ್ಪಿದ ಪ್ರಯೋಗಾಲಯದ ತರಗತಿ ಮತ್ತೆ ನಡೆಯುವುದಿಲ್ಲ, ರೆಕಾರ್ಡ್ ಅಪೂರ್ಣವಾಗುತ್ತದೆ, ಹಾಜರಿ ಶೇ 75ಕ್ಕಿಂತ ಕೆಳಗಿಳಿಯುತ್ತದೆ, ಪರೀಕ್ಷೆ ಕಟ್ಟಲು ತೊಡಕಾಗುತ್ತದೆ. ಸೋಮಾರಿತನ ಎಂದು ಬೈಸಿಕೊಳ್ಳುತ್ತಿದ್ದ ಗೈರಿಗೆ ಕಾರಣ ಮನೆಯ ಕಸುಬು.

ಈಗ ಅರ್ಜಿ ತಾನಾಗಿ ರೂಪ ತಾಳುತ್ತದೆ. ಶೇ 75ರ ನಿಯಮವನ್ನು ಮೂವತ್ತು ಸಾವಿರ ರೂಪಾಯಿ ಬದಲಿಸಲಾರದು. ಆದರೆ ಬೆಳೆ ವಾರದಲ್ಲಿ ತಪ್ಪಿದ ಪ್ರಯೋಗಗಳನ್ನು ತಿಂಗಳಿಗೆ ಎರಡು ಶನಿವಾರ ಮತ್ತೆ ಮಾಡಿಸಬಹುದು. ಅದಕ್ಕೆ ಬೇಕಾದದ್ದು ರಾಸಾಯನಿಕಗಳ ಹೆಚ್ಚುವರಿ ಖರ್ಚು, ಪ್ರಯೋಗಾಲಯ ಸಹಾಯಕರಿಗೆ ಗೌರವಧನ, ಪಾಠದ ಟಿಪ್ಪಣಿಗಳ ಜೆರಾಕ್ಸ್, ಸಹಪಾಠಿಗಳೇ ಮೊಬೈಲಿನಲ್ಲಿ ಧ್ವನಿಮುದ್ರಿಸಿದ ಪಾಠಗಳನ್ನು ಇಡಲು ಒಂದೆರಡು ಮೆಮೊರಿ ಕಾರ್ಡು. ಫಲಿತಾಂಶ ಅಳೆಯುವುದು ಹೇಗೆ ಎಂಬ ಕಲಮಿಗೆ ಉತ್ತರವೂ ಸಿದ್ಧವಾಗಿದೆ: ಹಿಂದಿನ ಸೆಮಿಸ್ಟರಿನಲ್ಲಿ ರೆಕಾರ್ಡ್ ಅಪೂರ್ಣವಾಗಿದ್ದವರು ಎಷ್ಟು, ಈ ಸೆಮಿಸ್ಟರಿನಲ್ಲಿ ಎಷ್ಟು. ಅರ್ಜಿಗಳನ್ನು ಪರಿಶೀಲಿಸುವವರು ಒಂದೇ ದಿನ ಹತ್ತಾರು ಪ್ರಸ್ತಾವನೆ ಓದುತ್ತಾರೆ. ಅವುಗಳ ನಡುವೆ "ಸಾಮರಸ್ಯ ಬೆಳೆಸುವುದು" ಎಂದು ಬರೆದ ಹಾಳೆಗಿಂತ ಎರಡು ಸಂಖ್ಯೆ, ಒಂದು ಕಾರಣ, ಒಂದು ಪರಿಹಾರ ಇರುವ ಹಾಳೆ ಮನಸ್ಸಿನಲ್ಲಿ ನಿಲ್ಲುತ್ತದೆ.

ಇಷ್ಟು ಸಣ್ಣ ಹಣದಿಂದ ಏನಾದೀತು, ಇದೆಲ್ಲ ಸರ್ಕಾರದ ಕೆಲಸ ಎಂಬ ಆಕ್ಷೇಪಕ್ಕೆ ತೂಕವಿದೆ. ವಿದ್ಯಾರ್ಥಿವೇತನ, ಹಾಸ್ಟೆಲ್, ಬಸ್ಸು, ಅಧ್ಯಾಪಕರ ನೇಮಕಾತಿ ಇವು ಸರ್ಕಾರದ ಹೊಣೆ. ಸಣ್ಣ ಅನುದಾನ ತೋರಿಸಿ ಆ ಹೊಣೆಯಿಂದ ಯಾರೂ ಜಾರಿಕೊಳ್ಳಬಾರದು. ಆದರೆ ದೊಡ್ಡ ಯೋಜನೆ ತನ್ನ ಕೆಲಸ ಮುಗಿಸಿದ ಮೇಲೂ ಉಳಿಯುವ ತಡೆಯೊಂದಿದೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಖರ್ಚು ಇಲ್ಲವಾಗಿಸಿತು. ಗೌರಿಬಿದನೂರಿಗೋ ಚಿಂತಾಮಣಿಗೋ ಹಳ್ಳಿಯಿಂದ ಓದಲು ಬರುವ ಹುಡುಗಿಗೆ ಇದು ದೊಡ್ಡ ನೆರವು. ಆದರೆ ಊರಿನ ಕೊನೆಯ ಬಸ್ಸು ನಾಲ್ಕೂವರೆಗೇ ಹೊರಡುವುದಾದರೆ, ನಾಲ್ಕಕ್ಕೆ ಶುರುವಾಗುವ ಕಂಪ್ಯೂಟರ್ ಲ್ಯಾಬು, ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿ, ನಾಟಕದ ತಾಲೀಮು ಅವಳಿಗೆ ಸಿಗುವುದಿಲ್ಲ. ಉಚಿತ ಟಿಕೆಟ್ಟಿನಿಂದ ಈ ತೊಂದರೆ ನೀಗದು. ವೇಳಾಪಟ್ಟಿಯನ್ನು ಮಧ್ಯಾಹ್ನಕ್ಕೆ ಸರಿಸಿ, ಊಟದ ಬಿಡುವಿನಲ್ಲಿ ಲ್ಯಾಬು ತೆರೆದಿಡಲು ಒಬ್ಬರಿಗೆ ಗೌರವಧನ ಕೊಟ್ಟರೆ ನೀಗುತ್ತದೆ. ವಿಧಾನಸೌಧದಲ್ಲಿ ಕೂತವರಿಗೆ ಒಂದು ಹಳ್ಳಿಯ ನಾಲ್ಕೂವರೆಯ ಬಸ್ಸು ಕಾಣಬೇಕೆಂದು ನಿರೀಕ್ಷಿಸುವುದು ತಪ್ಪು. ಅದು ಕಾಣುವುದು ಕಾಲೇಜಿನಲ್ಲಿರುವವರಿಗೆ. ಸಣ್ಣ ಅನುದಾನಕ್ಕೆ ಅರ್ಜಿ ಹಾಕುವವರೂ ಅವರೇ ಆಗಿರುವುದರಲ್ಲಿ ಅರ್ಥವಿದೆ.

ಭಾಷೆಯ ವಿಷಯದಲ್ಲಿ ಇನ್ನಷ್ಟು ನಾಜೂಕಾಗಿ ಯೋಚಿಸಬೇಕು. ಚಿಂತಾಮಣಿ, ಗೌರಿಬಿದನೂರು ಭಾಗದ ಎಷ್ಟೋ ಮನೆಗಳ ಮಾತು ತೆಲುಗು. ಕೈವಾರದ ನಾರೇಯಣ ಯತೀಂದ್ರರು ತೆಲುಗು ಕನ್ನಡ ಎರಡರಲ್ಲೂ ಕೀರ್ತನೆಗಳನ್ನು ಬರೆದರು, ಎರಡೂ ಭಾಷೆಯ ಭಕ್ತರು ಅವನ್ನು ಹಾಡಿಕೊಂಡು ಬಂದಿದ್ದಾರೆ. ತೆಲುಗು ಇಲ್ಲವೇ ಉರ್ದು ಮನೆಮಾತಿನ ವಿದ್ಯಾರ್ಥಿ ಹತ್ತನೇ ತರಗತಿವರೆಗೆ ಕನ್ನಡದಲ್ಲೋ ಉರ್ದುವಿನಲ್ಲೋ ಓದಿ, ಬಿ.ಕಾಂ. ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷಿನ ಲೆಕ್ಕಶಾಸ್ತ್ರದ ಪುಸ್ತಕ ತೆರೆದಾಗ ಸವಕಳಿ, ಬಾಕಿ, ಹೊಣೆಗಾರಿಕೆಗಳ ಪರಿಕಲ್ಪನೆ ಅರ್ಥವಾಗದೆ ಸೋಲುವುದಿಲ್ಲ. ಮನೆಯ ಅಂಗಡಿ ಲೆಕ್ಕದಲ್ಲಿ ಅವನ್ನು ದಿನವೂ ಬಳಸುತ್ತಿರುವ ವಿದ್ಯಾರ್ಥಿಗೆ ಹೆಸರುಗಳು ಮಾತ್ರ ಹೊಸವು. ಮೊದಲ ಸೆಮಿಸ್ಟರಿನ ಇನ್ನೂರು ಪಾರಿಭಾಷಿಕ ಪದಗಳ ನಾಲ್ಕು ಭಾಷೆಯ ಕಿರುಪುಸ್ತಿಕೆಯನ್ನು ವಿದ್ಯಾರ್ಥಿಗಳೇ ಕೂತು ಮಾಡಿ, ಅಧ್ಯಾಪಕರು ತಿದ್ದಿ, ಮುನ್ನೂರು ಪ್ರತಿ ಅಚ್ಚು ಹಾಕಿಸಲು ದೊಡ್ಡ ಮೊತ್ತ ಬೇಕಿಲ್ಲ. ತೆಲುಗು ಉರ್ದುಗಳಿಗೆ ಜಾಗ ಕೊಟ್ಟರೆ ಗಡಿಭಾಗದಲ್ಲಿ ಕನ್ನಡಕ್ಕೆ ಹಿನ್ನಡೆಯಾಗುತ್ತದೆ ಎಂದು ಕನ್ನಡದ ಬಗ್ಗೆ ನಿಜವಾದ ಕಾಳಜಿ ಇರುವವರು ಹೇಳಬಹುದು. ಅಂಥ ಪುಸ್ತಿಕೆಯಲ್ಲಿ ಕನ್ನಡ ಪದ ಮೊದಲು ಬರಲಿ, ವಿವರಣೆ ಕನ್ನಡದಲ್ಲೇ ಇರಲಿ, ಉಳಿದ ಭಾಷೆಗಳ ಪದ ಪಕ್ಕದಲ್ಲಿರಲಿ. ತೆಲುಗು ಮನೆಮಾತಿನ ಹುಡುಗಿಗೆ ಇಂಗ್ಲಿಷ್ ಪಠ್ಯದ ಎದುರು ಕನ್ನಡ ನೆರವಿಗೆ ಬಂದರೆ ಅವಳು ಕನ್ನಡದಿಂದ ದೂರ ಹೋಗುವುದಿಲ್ಲ, ಇನ್ನೂ ಹತ್ತಿರವಾಗುತ್ತಾಳೆ. ಕನ್ನಡ ಓದಲು ಬರುವುದಿಲ್ಲ ಎಂದು ನಾಚಿಸಿದ ತರಗತಿ ಯಾರನ್ನೂ ಕನ್ನಡಿಗರನ್ನಾಗಿ ಮಾಡಿಲ್ಲ.

ಅಂಗವಿಕಲ ವಿದ್ಯಾರ್ಥಿಗಳ ವಿಷಯದಲ್ಲಿ ಕಾನೂನೇ ನಿಮ್ಮ ಬೆಂಬಲಕ್ಕಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5ರಷ್ಟು ಸ್ಥಾನ ಮೀಸಲಿಡಬೇಕೆನ್ನುತ್ತದೆ. ಅರ್ಜಿಯಲ್ಲಿ ಆ ಕಲಮನ್ನು ಉಲ್ಲೇಖಿಸಿ. ಹಣವನ್ನು ತಪ್ಪು ಕಡೆ ಸುರಿಯದಂತೆಯೂ ನೋಡಿಕೊಳ್ಳಿ: ದೃಷ್ಟಿದೋಷವಿರುವವರಿಗೆ ಪರದೆಯನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಉಚಿತ, ಅದಕ್ಕೆ ಕನ್ನಡ ಓದುವ ಧ್ವನಿಯೂ ಉಚಿತವಾಗಿ ಸಿಗುತ್ತದೆ. ಹಾಗಾಗಿ ಬಜೆಟ್ಟಿನಲ್ಲಿ ತಂತ್ರಾಂಶದ ಬದಲು ಹೆಡ್‌ಫೋನು, ತರಬೇತಿ ಮತ್ತು ಪಠ್ಯಗಳನ್ನು ಯೂನಿಕೋಡಿನಲ್ಲಿ ಟೈಪು ಮಾಡಿಸುವ ಖರ್ಚು ತೋರಿಸಿ.

ಯೂನಿಕೋಡ್ ಎಂದದ್ದಕ್ಕೆ ಅರ್ಜಿಯ ಮಟ್ಟಿಗೂ ಕಾರಣವಿದೆ. ಕಚೇರಿಗಳಲ್ಲಿ ಹಳೆಯ ನುಡಿ ತಂತ್ರಾಂಶದ ಅಕ್ಷರಗಳಲ್ಲಿ ಟೈಪಾದ ಕಡತವನ್ನು ಆನ್‌ಲೈನ್ ನಮೂನೆಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು ಕಾಣಿಸುತ್ತದೆ. ಪರಿಶೀಲಕರಿಗೆ ನಿಮ್ಮ ಮಾತು ತಲುಪುವುದೇ ಇಲ್ಲ. ಯೂನಿಕೋಡಿಗೆ ಪರಿವರ್ತಿಸಿ, ಬೇರೆಯವರ ಮೊಬೈಲಿನಲ್ಲಿ ತೆರೆದು ನೋಡಿ, ಆಮೇಲೆ ಸಲ್ಲಿಸಿ. ಯಾವ ಭಾಷೆಯಲ್ಲಿ ಬರೆಯಬೇಕು ಎಂದು ಮೊದಲೇ ಕೇಳಿಕೊಳ್ಳಿ. ಇಂಗ್ಲಿಷೇ ಬೇಕು ಎಂಬ ಊಹೆಯಿಂದ ಒಳ್ಳೆಯ ಯೋಜನೆಗಳು ಹಾಳೆಗೇ ಇಳಿಯುವುದಿಲ್ಲ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ತನ್ನ ಕಲಿ-ಕಲಿಸು ಕಾರ್ಯಕ್ರಮದಲ್ಲಿ ಕರ್ನಾಟಕದ ಸರ್ಕಾರಿ ಶಾಲಾ ಶಿಕ್ಷಕರಿಗೆ ಸಣ್ಣ ಅನುದಾನ ಕೊಡುತ್ತಾ ಬಂದಿದೆ, ಅಲ್ಲಿ ಕನ್ನಡದ ಪ್ರಸ್ತಾವನೆಗಳಿಗೆ ಅವಕಾಶವಿದೆ. ಅದು ಶಾಲೆಗಳಿಗೆ ಮೀಸಲಾದದ್ದು. ಆದರೂ ಊರಿನ ಸಂಗತಿಯನ್ನು ಊರಿನ ಭಾಷೆಯಲ್ಲೇ ಬರೆದು ಹಣ ಕೇಳಬಹುದು ಎಂಬುದಕ್ಕೆ ಸಾಕ್ಷಿ. ಅಮೆರಿಕದ ವಿಶ್ವವಿದ್ಯಾಲಯಗಳ ಮಾದರಿ ಅರ್ಜಿಗಳನ್ನು ಇಳಿಸಿಕೊಂಡು ಅಲ್ಲಿನ ಶಬ್ದಗಳನ್ನು ಹಾಗೇ ತುಂಬುವುದನ್ನಂತೂ ಬಿಡಬೇಕು. ಅಲ್ಲಿನ ಪರಿಸ್ಥಿತಿಯೇ ಅಸ್ಥಿರ: ಟೆಕ್ಸಾಸ್ ರಾಜ್ಯ 2023ರಲ್ಲಿ ಕಾನೂನು ಮಾಡಿ, 2024ರ ಜನವರಿಯಿಂದ ತನ್ನ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ವೈವಿಧ್ಯ ಕಚೇರಿಗಳನ್ನೇ ನಿಷೇಧಿಸಿತು. ನಮ್ಮಲ್ಲಿ ಈ ಕೆಲಸಕ್ಕೆ ಸಂವಿಧಾನದ ಮತ್ತು ಕಾಯ್ದೆಗಳ ಆಧಾರವಿದೆ. ನ್ಯಾಕ್ ಮೌಲ್ಯಮಾಪನದ ಏಳನೇ ಮಾನದಂಡ ಕೂಡ ಸಾಂಸ್ಕೃತಿಕ, ಭಾಷಿಕ, ಸಾಮಾಜಿಕ ವೈವಿಧ್ಯವನ್ನು ಒಳಗೊಳ್ಳುವ ವಾತಾವರಣಕ್ಕೆ ಕಾಲೇಜು ಏನು ಮಾಡಿದೆ ಎಂದು ಕೇಳುತ್ತದೆ. ನಿಮ್ಮ ಯೋಜನೆ ಆ ಪ್ರಶ್ನೆಗೆ ಉತ್ತರವಾಗುತ್ತದೆ ಎಂದು ತೋರಿಸಿದರೆ ಕಾಲೇಜಿನ ಆಂತರಿಕ ಗುಣಮಟ್ಟ ಭರವಸೆ ಕೋಶದ (ಐಕ್ಯೂಎಸಿ) ಸಂಯೋಜಕರೇ ನಿಮ್ಮ ಪರ ಪ್ರಾಂಶುಪಾಲರ ಬಳಿ ಮಾತಾಡುತ್ತಾರೆ.

ಜಾತಿ, ಭಾಷೆ, ಧರ್ಮಗಳ ಲೆಕ್ಕ ತೆಗೆಯುವುದೇ ವಿದ್ಯಾರ್ಥಿಗಳನ್ನು ಒಡೆಯುತ್ತದೆ ಎಂಬುದು ಅಧ್ಯಾಪಕರ ಕೊಠಡಿಯಲ್ಲಿ ಖಂಡಿತ ಬರುವ ಇನ್ನೊಂದು ಮಾತು. ಎಣಿಸದೆ ಬಿಟ್ಟರೆ ಭೇದ ಮಾಯವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ದೆಹಲಿಯ ಏಮ್ಸ್‌ನಲ್ಲಿ ಪರಿಶಿಷ್ಟ ವಿದ್ಯಾರ್ಥಿಗಳ ಸ್ಥಿತಿಯನ್ನು ಪರಿಶೀಲಿಸಿದ ಸುಖದೇವ್ ಥೋರಟ್ ಸಮಿತಿ 2007ರಲ್ಲಿ ಹೊರಗೆಡವಿದ್ದು, ದೇಶದ ಅತ್ಯುತ್ತಮ ಸಂಸ್ಥೆಯೊಂದರಲ್ಲೇ ಹಾಸ್ಟೆಲಿನಿಂದ ತರಗತಿವರೆಗೆ ಹಬ್ಬಿದ್ದ ತಾರತಮ್ಯವನ್ನು. ಯುಜಿಸಿ 2012ರ ನಿಯಮಾವಳಿಯಲ್ಲಿ ಪ್ರತಿ ಸಂಸ್ಥೆಯಲ್ಲೂ ಸಮಾನ ಅವಕಾಶ ಕೋಶವಿರಬೇಕು, ತಾರತಮ್ಯ ವಿರೋಧಿ ಅಧಿಕಾರಿ ಇರಬೇಕು ಎಂದದ್ದು ಇಂಥ ವಾಸ್ತವ ಕಣ್ಣೆದುರಿಗೆ ಇದ್ದದ್ದರಿಂದ. ಆದರೆ ಆಕ್ಷೇಪದಲ್ಲಿ ಒಂದು ನಿಜವಿದೆ, ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು: ಲೆಕ್ಕ ಬೇರೆ, ಗುರುತು ಹಾಕುವುದು ಬೇರೆ. ಅರ್ಜಿಯಲ್ಲಿ, ವರದಿಯಲ್ಲಿ, ಬ್ಯಾನರಿನಲ್ಲಿ ಯಾವ ವಿದ್ಯಾರ್ಥಿಯ ಹೆಸರಿನ ಮುಂದೆಯೂ ಜಾತಿ ಬರೆಯಬೇಡಿ. ಗುಂಪಿನಲ್ಲಿ ಇಬ್ಬರೋ ಮೂವರೋ ಇದ್ದರೆ ಸಂಖ್ಯೆಯಿಂದಲೇ ಅವರು ಯಾರೆಂದು ತಿಳಿದುಹೋಗುತ್ತದೆ. ಅಲ್ಲಿ "ಐದಕ್ಕಿಂತ ಕಡಿಮೆ" ಎಂದಷ್ಟೇ ಬರೆಯಿರಿ. ಪುಸ್ತಕ ಕೊಡುವಾಗ ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯುವ ಪದ್ಧತಿ ನಿಲ್ಲಲಿ. ಶನಿವಾರದ ಮರು ಪ್ರಯೋಗಕ್ಕೆ ಯಾರು ಬೇಕಾದರೂ ಬರಬಹುದು ಎಂದು ಬಾಗಿಲು ತೆರೆದಿಟ್ಟರೆ, ಯಾರಿಗೆ ಅಗತ್ಯವಿತ್ತೋ ಅವರು ನಾಚಿಕೆಯಿಲ್ಲದೆ ಬರುತ್ತಾರೆ.

ಬಜೆಟ್ಟಿನಲ್ಲಿ ನಾಲ್ಕೈದು ಕಲಮು ಸಾಕು: ಗೌರವಧನ, ಪ್ರಯಾಣ, ಮುದ್ರಣ, ಸಾಮಗ್ರಿ, ಇತರೆ. ನೆನಪಿನ ಕಾಣಿಕೆ, ಶಾಲು, ಹಾರಗಳನ್ನು ಪೂರ್ತಿ ಕೈಬಿಡಿ. ಪರಿಶೀಲಕರು ಮೊದಲು ಹೊಡೆದುಹಾಕುವ ಸಾಲು ಅದು. ಬೆಲೆಯನ್ನು ಅಂದಾಜಿನಲ್ಲಿ ಬರೆಯದೆ ಊರಿನ ಎರಡು ಮೂರು ಮುದ್ರಣಾಲಯಗಳಿಂದ ದರಪಟ್ಟಿ ತಂದು ಲಗತ್ತಿಸಿ. ಪ್ರಾಂಶುಪಾಲರ ಸಹಿ, ಮುಖಪತ್ರ, ಕೆಲವು ಕಡೆ ಆಡಳಿತ ಮಂಡಳಿಯ ಒಪ್ಪಿಗೆ, ಇವಕ್ಕೆಲ್ಲ ಕೊನೆಯ ದಿನಾಂಕಕ್ಕಿಂತ ಮೂರು ವಾರ ಮೊದಲೇ ಓಡಾಟ ಶುರುಮಾಡಬೇಕು. ಪರೀಕ್ಷೆ ಮತ್ತು ಪ್ರವೇಶಾತಿಯ ತಿಂಗಳುಗಳಲ್ಲಿ ಕಚೇರಿಯಲ್ಲಿ ಯಾರಿಗೂ ಬಿಡುವಿರುವುದಿಲ್ಲ. ಕಾಗದಪತ್ರದ ಹೊರೆ ಹಣಕ್ಕಿಂತ ದೊಡ್ಡದು ಎಂದು ಗೊಣಗುವವರ ಮಾತು ಸುಳ್ಳಲ್ಲ. ಅದನ್ನು ಹಗುರ ಮಾಡಿಕೊಳ್ಳುವ ದಾರಿಯೆಂದರೆ ಮೊದಲ ದಿನದಿಂದ ಒಂದು ಪುಸ್ತಕದಲ್ಲಿ ಖರ್ಚು ಬರೆದಿಡುವುದು, ಅಂಗಡಿಯವರಿಂದ ಬಿಳಿ ಚೀಟಿಯ ಬದಲು ಜಿಎಸ್‌ಟಿ ಬಿಲ್ಲನ್ನೇ ಕೇಳಿ ಪಡೆಯುವುದು, ಹಣವನ್ನು ಸಂಸ್ಥೆಯ ಖಾತೆಯಿಂದಲೇ ಪಾವತಿಸುವುದು.

ಕೇಂದ್ರದ ಅನುದಾನವಾದರೆ ಹಣ ಬಳಕೆ ಪ್ರಮಾಣಪತ್ರವನ್ನು 2017ರ ಸಾಮಾನ್ಯ ಹಣಕಾಸು ನಿಯಮಗಳ 12-ಎ ನಮೂನೆಯಲ್ಲಿ ಕೊಡಬೇಕಾಗುತ್ತದೆ. ಉಳಿದ ಸಂಸ್ಥೆಗಳಿಗೆ ಅವುಗಳದೇ ನಮೂನೆ; ಮಂಜೂರಾತಿ ಪತ್ರ ಬಂದ ದಿನವೇ ಅದನ್ನು ಕೇಳಿ ತರಿಸಿಕೊಳ್ಳಿ. ಖರ್ಚಾಗದೆ ಉಳಿದ ಹಣವನ್ನು ವರ್ಷದ ಕೊನೆಯಲ್ಲಿ ಹೇಗಾದರೂ ಮುಗಿಸುವ ಆತುರ ಬೇಡ. ಹಿಂತಿರುಗಿಸಿ, ಕಾರಣ ಬರೆಯಿರಿ. ಅಂಥ ಲೆಕ್ಕಪತ್ರ ಮುಂದಿನ ಅರ್ಜಿಗೆ ಆಧಾರವಾಗುತ್ತದೆ. ವರದಿಯಲ್ಲಿ ಫಲಿಸದೆ ಹೋದದ್ದನ್ನೂ ಸೇರಿಸಿ, ಎಷ್ಟು ಶನಿವಾರ ಯಾರೂ ಬರಲಿಲ್ಲ, ಯಾವ ಪದ ಯಾರಿಗೂ ಅರ್ಥವಾಗಲಿಲ್ಲ ಎಂಬುದನ್ನೂ ಬರೆಯಿರಿ. ಯೋಜನೆ ನಡೆಸಿದ ವಿದ್ಯಾರ್ಥಿಗಳು ಮೂರನೇ ವರ್ಷ ಮುಗಿಸಿ ಹೊರಟುಹೋಗುತ್ತಾರೆ, ಅಧ್ಯಾಪಕರಿಗೆ ವರ್ಗಾವಣೆಯಾಗುತ್ತದೆ. ಆದ್ದರಿಂದ ಪುಸ್ತಿಕೆಯ ಕಡತ, ಧ್ವನಿಮುದ್ರಣಗಳು, ಲೆಕ್ಕದ ಪುಸ್ತಕ, ವರದಿಯ ಒಂದು ಪ್ರತಿ ಇವನ್ನು ಗ್ರಂಥಪಾಲಕರ ಬಳಿ ಸಹಿ ಪಡೆದು ಒಪ್ಪಿಸಿ, ಎರಡನೇ ವರ್ಷದ ಇಬ್ಬರು ವಿದ್ಯಾರ್ಥಿಗಳಿಗೆ ಅವು ಎಲ್ಲಿವೆ ಎಂದು ತೋರಿಸಿಕೊಡಿ.